ಕಾಗದದ ಮನೆಗಳು, ಗೋಲಿಯ ಬಾಂಬುಗಳು: ಹ್ಯಾಂಪ್‌ಸ್ಟೆಡ್‌ನ ಒಂದು ದಾಖಲೆಯ ಮರುಓದು

ಆಘಾತಕ್ಕೆ ಸಿಕ್ಕ ಮಗುವಿಗೆ ಆಟವೇ ಮದ್ದು ಎನ್ನುವವರು ಅದಕ್ಕೆ ಸಾಕ್ಷಿಯಾಗಿ ಆನಾ ಫ್ರಾಯ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸಿದ ಶಿಶುವಿಹಾರಗಳ ವರದಿಗಳನ್ನು ಮುಂದಿಡುವುದುಂಟು. (ಆನಾ ಒಬ್ಬರೇ ನಡೆಸಿದ್ದಲ್ಲ. ಆ ಶಿಶುವಿಹಾರಗಳ ಕುರಿತ 1943ರ ಪುಸ್ತಕ 'ವಾರ್ ಅಂಡ್ ಚಿಲ್ಡ್ರನ್' ಡೊರೊಥಿ ಬರ್ಲಿಂಗ್‌ಹ್ಯಾಮ್ ಅವರ ಕೃತಿಯೂ ಹೌದು. ಆ ಹೆಸರನ್ನು ಸಲೀಸಾಗಿ ಕೈಬಿಡುವವರು ಪುಸ್ತಕದ ಮುಖಪುಟವನ್ನಾದರೂ ನೋಡಿದ್ದಾರೆಯೇ ಎಂಬ ಅನುಮಾನ ನನಗಿದೆ.) ಈ ಓದಿನ ಬೇರು ಸಿಗ್ಮಂಡ್ ಫ್ರಾಯ್ಡರ 1920ರ ಬರಹದಲ್ಲಿದೆ. ತಾಯಿ ಹೊರಗೆ ಹೋಗುವುದನ್ನು ಸುಮ್ಮನೆ ಸಹಿಸಬೇಕಿದ್ದ ಮೊಮ್ಮಗ, ದಾರ ಕಟ್ಟಿದ ಉರುಳೆಯನ್ನು ತಾನೇ ಎಸೆದು ತಾನೇ ಎಳೆದುಕೊಳ್ಳುತ್ತಿದ್ದ. ಅನುಭವಿಸಿದ ನೋವನ್ನು ಆಡಿ ಕೈವಶ ಮಾಡಿಕೊಳ್ಳುವುದೆಂದರೆ ಇದು. ತಂದೆಯ ಈ ಸೂತ್ರವನ್ನೇ ಮಗಳು ಹ್ಯಾಂಪ್‌ಸ್ಟೆಡ್‌ನಲ್ಲಿ ದೃಢಪಡಿಸಿದಳು ಎಂದು ಬಗೆದದ್ದರಿಂದ ವರದಿಯ ಅತಿ ಮುಖ್ಯ ಪ್ರಸಂಗವೊಂದು ತಲೆಕೆಳಗಾಗಿದೆ.

ಪ್ರಸಂಗ ಹೀಗಿದೆ. 1941ರ ವಸಂತ, ವಿಮಾನದಾಳಿಯ ದಿನಗಳು. ತಂದೆಯನ್ನು ಕಳೆದುಕೊಂಡು, ಆ ಸಾವನ್ನು ಇನ್ನೂ ಒಪ್ಪದಿದ್ದ ನಾಲ್ಕು ವರ್ಷದ ಹುಡುಗನೊಬ್ಬ ನೆಗಡಿಯಿಂದ ಮಲಗಿದ್ದಾನೆ. ಹಾಸಿಗೆಯ ಮೇಲೆ ಒಂದು ತಟ್ಟೆ, ಅದರ ತುಂಬ ಕಾಗದದ ಪುಟ್ಟ ಮನೆಗಳು. ಅವನ್ನು ನಿಲ್ಲಿಸುತ್ತಾನೆ, ಮಾಡು ಹೊದಿಸುತ್ತಾನೆ, ಗೋಲಿಗಳಿಂದ ಹೊಡೆದು ಕೆಡವುತ್ತಾನೆ. ಉಳಿದ ಮಕ್ಕಳೂ ಬಾಂಬಿನಾಟ ಆಡುತ್ತಿದ್ದರು. ಅವರ ಆಟದಲ್ಲಿ ಜನ ಸಾಯುತ್ತಿದ್ದರು, ಕೊನೆಗೆ ಎಲ್ಲ ಚೂರುಚೂರಾಗಿ ಉಳಿಯುತ್ತಿತ್ತು. ಈ ಹುಡುಗನ ಆಟದಲ್ಲಿ ಮಾತ್ರ ಪ್ರತಿ ಸಲವೂ ಎಲ್ಲರೂ ಸಮಯಕ್ಕೆ ಸರಿಯಾಗಿ ಪಾರಾಗುತ್ತಿದ್ದರು, ಬಿದ್ದ ಮನೆಗಳೆಲ್ಲ ಮತ್ತೆ ಏಳುತ್ತಿದ್ದವು. ಹಾಗಾಗಿಯೇ ಅದಕ್ಕೆ ಕೊನೆಯಿರಲಿಲ್ಲ. ಆಟ ನಿಂತದ್ದು ಸುಮಾರು ಆರು ತಿಂಗಳ ಮೇಲೆ: ಅಪ್ಪ ಸತ್ತಿದ್ದಾನೆ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅವಳು ಬರುತ್ತಾಳೆ, ಅವನು ಬರುವುದಿಲ್ಲ ಎಂದು ಅವನೇ ಹೇಳಲು ಶಕ್ತನಾದಾಗ. ಬಾಂಬಿನಾಟ ಇಲ್ಲಿ ಎರಡು ಬಗೆಯದು. ಊರಿಗೆಲ್ಲ ಬಂದ ಆಪತ್ತನ್ನು, ಪರರ ಮನೆಗಳ ಪಾಡನ್ನು ಆಡುವ ಮಗು ತನ್ನ ತಲ್ಲಣವನ್ನು ಕರಗಿಸಿಕೊಳ್ಳುತ್ತದೆ. ತನ್ನದೇ ಅಪ್ಪನ ಸಾವನ್ನು ಅಲ್ಲಗಳೆಯಲು ಆಡುವ ಮಗುವಿಗೆ ಪ್ರತಿ ಆಟವೂ ಆ ನಿರಾಕರಣೆಯನ್ನು ಕಾಯುವ ಕೆಲಸ. ತಂದೆಯ ಸೂತ್ರಕ್ಕೆ ಮಗಳು ಹಾಕಿದ ಗಡಿ ಇದು.

ಆರು ತಿಂಗಳು ಆಡಿದ್ದರಿಂದಲೇ ಹುಡುಗ ನಿಜ ನುಡಿಯುವಷ್ಟು ಗಟ್ಟಿಯಾದ ಎಂದು ವಾದಿಸಬಹುದು. ಕಾಲವೇ ಮಾಗಿಸಿತು ಎಂದೂ ಹೇಳಬಹುದು. ಇವೆರಡನ್ನೂ ಅಲ್ಲಗಳೆಯುವಷ್ಟು ವಿವರ ದಾಖಲೆಯಲ್ಲಿಲ್ಲವೆಂದು ಒಪ್ಪೋಣ. ಆದರೆ ಆಟ ತಾನಾಗಿಯೇ ಗುಣಪಡಿಸುವಂಥದಾಗಿದ್ದರೆ ದಿನಗಳೆದಂತೆ ಅದರ ರೂಪ ಬದಲಾಗಬೇಕಿತ್ತು. ಒಂದು ಸಲವಾದರೂ ಒಂದು ಮನೆ ಬಿದ್ದೇ ಉಳಿಯಬೇಕಿತ್ತು. ವರದಿ ತೋರಿಸುವುದು ಬದಲಾಗದ ಪುನರಾವರ್ತನೆಯನ್ನು, ನಿಜವನ್ನು ಒಪ್ಪಿದೊಡನೆ ಬಂದ ನಿಲುಗಡೆಯನ್ನು. ಇನ್ನು, ಈ ವರದಿಗಳ ಸಾರವೆಲ್ಲ ತಾಯಿಯಿಂದ ಅಗಲಿಕೆಯ ಕೇಡು ಎನ್ನುವವರು ಮನೋವೈದ್ಯ ಜಾನ್ ಬೌಲ್ಬಿಯ 1951ರ ವರದಿಯ ಮೂಲಕ ಹ್ಯಾಂಪ್‌ಸ್ಟೆಡ್ಡನ್ನು ಓದುತ್ತಿದ್ದಾರೆ. ಬೌಲ್ಬಿಗೆ ಬೇಕಿದ್ದದ್ದು ಆ ವಾದ; ಅದು ಅವರ ಹಕ್ಕು. ಮೂಲದಲ್ಲಿ ಅದಕ್ಕಿಂತ ಹೆಚ್ಚಿನದಿದೆ.

ಆ ಹೆಚ್ಚಿನದು ಸಿಕ್ಕಿದ್ದು ನೋಡುವ ಶಿಸ್ತಿನಿಂದ. ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಜೇಮ್ಸ್ ರಾಬರ್ಟ್‌ಸನ್ ಸೇರಿದಂತೆ ಎಲ್ಲ ಸಿಬ್ಬಂದಿಯೂ ಕಂಡದ್ದನ್ನು ಚೀಟಿಗಳಲ್ಲಿ ಬರೆದಿಡಬೇಕಿತ್ತು. ಹೆತ್ತವರು ಯಾವ ಹೊತ್ತಿನಲ್ಲಾದರೂ ಬರಬಹುದಿತ್ತು. ಮುಂದೆ ಮಕ್ಕಳನ್ನು ಪುಟ್ಟ 'ಕುಟುಂಬ'ಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಬ್ಬ ಪೋಷಕಿಯನ್ನು ಗೊತ್ತುಮಾಡಿದರು. (ಆ ಹುಡುಗನ ಬದಲಾವಣೆಗೆ ಇವೇ ಕಾರಣವೆಂದು ನಾನು ಹೇಳುತ್ತಿಲ್ಲ, ಅಂಥ ಕಾರಣ ಹೊಸೆಯುವುದರಲ್ಲಿ ನಿಪುಣರಾದವರು ಬೇರೆ ಇದ್ದಾರೆ.) ಬಣ್ಣ, ಕಾಗದ ಕೊಟ್ಟು ಕೈತೊಳೆದುಕೊಳ್ಳುವ ಶಾಲೆಗೆ ಈ ದಾಖಲೆ ಆಸರೆಯಾಗದು. ಮಗುವಿನ ಆಟ ಹೇಗೆ ಮುಗಿಯುತ್ತದೆ, ವಾರದಿಂದ ವಾರಕ್ಕೆ ಬದಲಾಗುತ್ತದೆಯೇ ಎಂಬುದನ್ನು ಶಿಕ್ಷಕರು ಗಮನಿಸಿ ಮನೆಯವರಿಗೆ ತಿಳಿಸಬೇಕು. 'ಅಪ್ಪ ದೂರದ ಊರಿಗೆ ಹೋಗಿದ್ದಾರೆ' ಎನ್ನುವ ಮನೆ, ಮಗು ಕಟ್ಟಿಕೊಂಡ ನಿರಾಕರಣೆಗೆ ತಾನೂ ಒಂದು ಮಾಡು ಹೊದಿಸುತ್ತದೆ. ಸಾವನ್ನು ಸಾವೆಂದೇ ಹೇಳಿ, ಆಮೇಲಿನ ಮೌನದಲ್ಲೂ ಅಳುವಿನಲ್ಲೂ ಜೊತೆಗಿರುವ ಹಿರಿಯರಿದ್ದರೆ ಆಟ ತನ್ನ ಕೆಲಸ ಮಾಡೀತು. ಆ ಹಿರಿಯರ ಜಾಗದಲ್ಲಿ ಆಟವನ್ನು ಇಡುವವರು ಹ್ಯಾಂಪ್‌ಸ್ಟೆಡ್‌ನ ಹೆಸರನ್ನು ಎಳೆದು ತರದಿದ್ದರೆ ಒಳ್ಳೆಯದು.