ಟ್ರ್ಯಾಕ್ಟರಿನ ಮುಳ್ಳು ಏನು ಹೇಳುತ್ತದೆ?



ಎತ್ತಿಗೆ ಮೈ ಸರಿಯಿಲ್ಲವೆಂದರೆ ಅದು ಮೇವು ಬಿಡುತ್ತದೆ, ಕಿವಿ ಜೋಲು ಹಾಕುತ್ತದೆ, ಮೂಗಿನ ಮೇಲಿನ ತೇವ ಆರುತ್ತದೆ. ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ನಿಮಗೆ ಗೊತ್ತಾಗಿಬಿಡುತ್ತದೆ. ಎಂಜಿನ್ನಿಗೆ ಅಂಥ ಮುಖವಿಲ್ಲ. ಚಾಲಕನ ಎದುರಿಗೆ ಇರುವ ಎರಡು ಮೂರು ಗುಂಡನೆಯ ಗೇಜುಗಳೇ ಅದರ ಮುಖ, ಅವುಗಳೊಳಗಿನ ಮುಳ್ಳೇ ಅದರ ಮಾತು. ಹಳೆಯ ಟ್ರ್ಯಾಕ್ಟರನ್ನು ಇಟ್ಟುಕೊಂಡವರಲ್ಲಿ ಅನೇಕರು ಆ ಮುಳ್ಳನ್ನು ನೋಡುವುದೇ ಇಲ್ಲ. ನೋಡಿದವರಲ್ಲಿ ಕೆಲವರು ತಪ್ಪು ಓದಿ ಚೆನ್ನಾಗಿರುವ ಎಂಜಿನ್ನನ್ನು ಬಿಚ್ಚಿಸುತ್ತಾರೆ. ಎರಡರಲ್ಲೂ ದುಡ್ಡು ಹೋಗುವುದು ನಿಮ್ಮದೇ. ಆದಕಾರಣ ಈ ಗೇಜುಗಳೂ ಕೈ ಥ್ರಾಟಲ್ಲೂ ಎಲ್ಲಿಂದ ಬಂದವು, ಏತಕ್ಕೆ ಬಂದವು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಹುಟ್ಟಿದ ಕಾರಣ ಗೊತ್ತಾದರೆ ಓದುವ ಬಗೆಯೂ ತಾನಾಗಿ ತಿಳಿಯುತ್ತದೆ.

ಮೊದಮೊದಲ ಟ್ರ್ಯಾಕ್ಟರುಗಳಿಗೆ ಗೇಜು ಇರಲೇ ಇಲ್ಲ ಅಂದರೆ ನಂಬುತ್ತೀರಾ? ೧೯೧೭ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಅವರು ಫೋರ್ಡ್‌ಸನ್ ಎಂಬ ಟ್ರ್ಯಾಕ್ಟರನ್ನು ಲೆಕ್ಕವಿಲ್ಲದಷ್ಟು ತಯಾರಿಸಲು ಆರಂಭಿಸಿದರು. ಬೆಲೆ ಇಳಿಯುತ್ತ ಇಳಿಯುತ್ತ ೧೯೨೨ರಲ್ಲಿ ೩೯೫ ಡಾಲರಿಗೆ ಬಂತು. ಅಷ್ಟು ಅಗ್ಗವಾಗಿ ಹೇಗೆ ಕೊಟ್ಟರು ಎಂದರೆ, ಬಿಡಬಹುದಾದುದನ್ನೆಲ್ಲ ಬಿಟ್ಟರು. ಎಣ್ಣೆಗೆ ಪಂಪಿಲ್ಲ, ಕೆಳಗಿನ ತೊಟ್ಟಿಯ ಎಣ್ಣೆಯನ್ನು ತಿರುಗುವ ಭಾಗಗಳೇ ಎರಚಿಕೊಳ್ಳಬೇಕು. ನೀರಿಗೂ ಪಂಪಿಲ್ಲ, ಕಾದ ನೀರು ಮೇಲೇರಿ ತಣ್ಣನೆಯದು ಕೆಳಗಿಳಿದು ತಾನೇ ಸುತ್ತಬೇಕು. ಬ್ಯಾಟರಿ ಇಲ್ಲ, ಕಿಡಿ ಬರುವುದು ಫ್ಲೈವೀಲಿನ ಮ್ಯಾಗ್ನೆಟೋದಿಂದ. ಒತ್ತಡವೇ ಇಲ್ಲದ ಎಣ್ಣೆಗೆ ಗೇಜು ಏಕೆ, ಬ್ಯಾಟರಿಯೇ ಇಲ್ಲದ ಗಾಡಿಗೆ ಆಮೀಟರ್ ಏಕೆ? ಅಷ್ಟೇ ಅಲ್ಲ, ವೇಗವನ್ನು ತಾನಾಗಿ ಕಾಯುವ ಗವರ್ನರೂ ಮೊದಲಿಗೆ ಕಾರ್ಖಾನೆಯಿಂದ ಬರುತ್ತಿರಲಿಲ್ಲ. ಬೇಕಾದವರು ಬೇರೆ ಕಂಪನಿಯದನ್ನು ಕೊಂಡು ಕೂಡಿಸಿಕೊಳ್ಳುತ್ತಿದ್ದರು. ಕೊಳ್ಳಲಾರದವನು ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಕೈ ಥ್ರಾಟಲಿನ ಮೇಲೆ ಇಟ್ಟುಕೊಂಡು, ನೇಗಿಲಿಗೆ ಗಟ್ಟಿ ನೆಲ ಸಿಕ್ಕಿದಾಗ ರೇಸ್ ಕೊಟ್ಟು, ಸಡಿಲ ನೆಲ ಸಿಕ್ಕಿದಾಗ ಇಳಿಸಿ, ದಿನವಿಡೀ ಹೆಣಗಬೇಕಿತ್ತು.

ಆ ಕಾಲದಲ್ಲಿ ಹೆಸರಿಗೆ ಮಾತ್ರ ಟ್ರ್ಯಾಕ್ಟರಾದ ಯಂತ್ರಗಳೂ ಬೇಕಾದಷ್ಟಿದ್ದವು. ನೆಬ್ರಾಸ್ಕಾ ಪ್ರಾಂತ್ಯದ ವಿಲ್ಮಟ್ ಕ್ರೋಜಿಯರ್ ಎಂಬ ರೈತರು ಫೋರ್ಡ್ ಎಂಬ ಹೆಸರು ನೋಡಿ ಒಂದು ಟ್ರ್ಯಾಕ್ಟರು ಕೊಂಡರು. ಅದು ಹೆನ್ರಿ ಫೋರ್ಡರದಲ್ಲ, ಮಿನಿಯಾಪೊಲಿಸ್ಸಿನ ಬೇರೊಂದು ಕಂಪನಿಯದು, ಕೆಲಸಕ್ಕೆ ಬಾರಲಿಲ್ಲ. ಆ ರೈತರು ಮುಂದೆ ಶಾಸನಸಭೆಗೆ ಹೋದರು. ಜಾಹೀರಾತಿನಲ್ಲಿ ಹೇಳಿದಷ್ಟು ಶಕ್ತಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಟ್ರ್ಯಾಕ್ಟರು ಮಾರಕೂಡದು ಎಂಬ ಕಾನೂನು ೧೯೧೯ರಲ್ಲಿ ಆಯಿತು. ೧೯೨೦ರಿಂದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆ ನಡೆಯತೊಡಗಿತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಎಷ್ಟು ಎಣ್ಣೆ ಕುಡಿಯಿತು, ತಂಪು ನೀರಿನ ಶಾಖ ಎಷ್ಟಾಯಿತು, ಎಲ್ಲವನ್ನೂ ಅಳೆದು ಅಚ್ಚುಹಾಕಿ ರೈತರ ಕೈಗೆ ಕೊಟ್ಟರು. ಒಬ್ಬ ರೈತರ ಹೊಟ್ಟೆಯುರಿ ಇಷ್ಟು ಕೆಲಸ ಮಾಡಿತು ನೋಡಿ.

ಇನ್ನು ಗವರ್ನರಿನ ಮಾತು. ಇದು ಟ್ರ್ಯಾಕ್ಟರಿಗಿಂತ ಬಹಳ ಹಳೆಯದು. ಯೂರೋಪಿನ ಗಾಳಿಗಿರಣಿಗಳಲ್ಲಿ ಬೀಸುಕಲ್ಲನ್ನು ಹದವಾಗಿಡಲು ತಿರುಗುವ ಗುಂಡುಗಳನ್ನು ಕಟ್ಟುತ್ತಿದ್ದರು. ಅದನ್ನೇ ಜೇಮ್ಸ್ ವಾಟ್ ೧೭೮೮ರಲ್ಲಿ ತನ್ನ ಉಗಿಯಂತ್ರಕ್ಕೆ ಅಳವಡಿಸಿದ. ಹಕ್ಕಿ ಓಡಿಸಲು ನೀವು ಕವಣೆ ಬೀಸುತ್ತೀರಲ್ಲ, ಜೋರಾಗಿ ತಿರುಗಿಸಿದಷ್ಟೂ ಕಲ್ಲು ಹೊರಕ್ಕೆ ಎಳೆಯುತ್ತದೆ, ತತ್ತ್ವ ಅಷ್ಟೇ. ಎಂಜಿನ್ ಜೋರಾದರೆ ಗುಂಡುಗಳು ಹೊರಕ್ಕೆ ಸರಿದು ಕವಾಟವನ್ನು ಮುಚ್ಚುತ್ತವೆ, ನಿಧಾನವಾದರೆ ಒಳಕ್ಕೆ ಬಂದು ತೆರೆಯುತ್ತವೆ. ೧೮೬೮ರಲ್ಲಿ ಮ್ಯಾಕ್ಸ್‌ವೆಲ್ ಎಂಬ ದೊಡ್ಡ ವಿಜ್ಞಾನಿ ಈ ಗವರ್ನರು ಯಾವಾಗ ನೆಟ್ಟಗೆ ನಿಲ್ಲುತ್ತದೆ, ಯಾವಾಗ ಒಮ್ಮೆ ಏರಿ ಒಮ್ಮೆ ಇಳಿದು ತೂಗಾಡುತ್ತದೆ ಎಂದು ಲೆಕ್ಕ ಹಾಕಿ ಒಂದು ಪ್ರಬಂಧವನ್ನೇ ಬರೆದ. ನಿಮ್ಮ ಟ್ರ್ಯಾಕ್ಟರು ಹೊಲದ ಬದುವಿನಲ್ಲಿ ನಿಂತು 'ಗುಂಯ್... ಗುಂಯ್...' ಎಂದು ಏರಿಳಿಯುತ್ತದಲ್ಲ, ಅದೇ ಈ ತೂಗಾಟ.

ಈಗ ನಮ್ಮ ಕಥೆಯ ನಾಯಕನಿಗೆ ಬರೋಣ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಹೊಲದ ಕೆಲಸದ ಉಪಕರಣಗಳನ್ನು ಮೂರು ಕಡೆ ಹಿಡಿದು ಎತ್ತಿ ಇಳಿಸುವ ಏರ್ಪಾಡನ್ನು ಕಂಡುಹಿಡಿದವರು. ಅವರ ಟಿ.ಇ. ೨೦ ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು ೧೯೪೬ರಿಂದ ೧೯೫೬ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಎವರೆಸ್ಟ್ ಹತ್ತಿದ ಹಿಲರಿ ೧೯೫೮ರ ಜನವರಿ ೪ರಂದು ದಕ್ಷಿಣ ಧ್ರುವ ತಲುಪಿದ್ದು ಇಂಥ ಟ್ರ್ಯಾಕ್ಟರುಗಳ ಮೇಲೇ, ಚಕ್ರಕ್ಕೆ ಪಟ್ಟಿ ಸುತ್ತಿಕೊಂಡು. ಅದರಲ್ಲಿ ಒಂದು ಜಾಣತನವಿದೆ: ಗೇರ್ ಕೋಲನ್ನೇ ಸ್ಟಾರ್ಟ್ ಗುರುತಿಗೆ ತಳ್ಳಿ ಚಾಲೂ ಮಾಡಬೇಕು. ಗೇರಿನಲ್ಲಿರುವಾಗ ಚಾಲೂ ಆಗುವ ಹಾಗೇ ಇಲ್ಲ. ಎಷ್ಟು ಪ್ರಾಣ ಉಳಿಸಿತೋ.

ಸ್ಟಿಯರಿಂಗಿನ ಕೆಳಗಿನ ಥ್ರಾಟಲ್ ಹಿಡಿಯನ್ನು ನೀವು ಎಳೆದಾಗ ಏನಾಗುತ್ತದೆ? 'ಕಾರ್ಬುರೇಟರ್ ತೆರೆಯುತ್ತದೆ' ಎನ್ನುತ್ತೀರಿ. ನೇರವಾಗಿ ಅಲ್ಲ. ಮೋಟಾರು ಕಾರಿಗೂ ಟ್ರ್ಯಾಕ್ಟರಿಗೂ ವ್ಯತ್ಯಾಸ ಇರುವುದೇ ಇಲ್ಲಿ. ಹಿಡಿ ಎಳೆಯುವುದು ಗವರ್ನರಿನ ಸ್ಪ್ರಿಂಗನ್ನು. ನೀವು 'ಇಷ್ಟು ವೇಗದಲ್ಲಿ ಓಡು' ಎಂದು ಹೇಳುತ್ತೀರಿ. ಅಷ್ಟು ವೇಗ ಉಳಿಸಿಕೊಳ್ಳಲು ಕಾರ್ಬುರೇಟರ್ ಎಷ್ಟು ತೆರೆಯಬೇಕೆಂಬುದನ್ನು ಗವರ್ನರು ನೋಡಿಕೊಳ್ಳುತ್ತದೆ. ಹೀಗಿರುವುದರಿಂದ ಭಾರ ಬಿದ್ದಾಗ ವೇಗ ಸ್ವಲ್ಪ ಇಳಿಯುವುದು ಸಹಜ, ರೋಗವಲ್ಲ. ಪೂರಾ ಕುಸಿದರೆ ಮಾತ್ರ ರೋಗ.

ಆಗ ಮಾಡಬೇಕಾದ ಪರೀಕ್ಷೆ ಕಾಸು ಖರ್ಚಿಲ್ಲದ್ದು. ಎಂಜಿನ್ ನಿಲ್ಲಿಸಿ, ಹಿಡಿಯನ್ನು ಪೂರಾ ವೇಗಕ್ಕೆ ಎಳೆಯಿರಿ. ನಿಂತ ಎಂಜಿನ್ನಿನಲ್ಲಿ ಗುಂಡುಗಳು ತಳ್ಳುವುದಿಲ್ಲ, ಸ್ಪ್ರಿಂಗ್ ಒಂದೇ ಎಳೆಯುತ್ತದೆ. ಆದ್ದರಿಂದ ಕಾರ್ಬುರೇಟರಿನ ಚಿಟ್ಟೆಕವಾಟ ಪೂರ್ತಿ ತೆರೆದಿರಬೇಕು. ಮುಕ್ಕಾಲು ಮಾತ್ರ ತೆರೆದಿದ್ದರೆ ಗವರ್ನರಿನಿಂದ ಕಾರ್ಬುರೇಟರಿಗೆ ಹೋಗುವ ಕಡ್ಡಿಯ ಉದ್ದ ತಪ್ಪಿದೆ. ಪೂರ್ತಿ ಶಕ್ತಿ ನಿಮಗೆ ಸಿಕ್ಕೇ ಇಲ್ಲ. ಕಡ್ಡಿಯ ತುದಿಯ ತಿರುಪನ್ನು ಸರಿಪಡಿಸಿದರೆ ಸಾಕು. ಪಿಸ್ಟನ್ ಬಿಚ್ಚುವುದು ಬೇಡ.

ಏರಿಳಿತಕ್ಕೆ ಬೇರೆ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಆ ಕಡ್ಡಿಯನ್ನು ಎರಡು ಬೆರಳಿನಿಂದ ಅಲುಗದಂತೆ ಹಿಡಿಯಿರಿ. ಫ್ಯಾನು ಹತ್ತಿರವೇ ಇರುತ್ತದೆ. ಟವಲು, ಪಂಚೆಯ ಚುಂಗು ಮೊದಲು ಕಟ್ಟಿಕೊಳ್ಳಿ. ಕಡ್ಡಿ ಹಿಡಿದಾಗ ಎಂಜಿನ್ ಒಂದೇ ಸಮ ಓಡಿದರೆ ದೋಷ ಗವರ್ನರಿನ ಕಡೆಯದು: ಕೀಲು ಒಣಗಿದೆ, ಕಡ್ಡಿ ಬಗ್ಗಿದೆ, ಸ್ಪ್ರಿಂಗ್ ಸಡಿಲಾಗಿದೆ, ಇಲ್ಲವೇ ಒಳಗಿನ ಗುಂಡುಗಳು ಓಡಾಡುವ ಹಾದಿ ಸವೆದಿದೆ. ಹಿಡಿದರೂ ತೂಗಾಡುತ್ತಿದ್ದರೆ ಗವರ್ನರನ್ನು ಬಿಟ್ಟುಬಿಡಿ. ಪೆಟ್ರೋಲು ಸರಿಯಾಗಿ ಬರುತ್ತಿಲ್ಲ, ಕಸ ಕಟ್ಟಿದೆ, ಅಥವಾ ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಗಾಳಿ ಒಳನುಗ್ಗುತ್ತಿದೆ. ಅನೇಕ ಸಲ ಒಂದು ತೊಟ್ಟು ಎಣ್ಣೆ ಕೀಲಿಗೆ ಬಿಟ್ಟರೆ ಮ್ಯಾಕ್ಸ್‌ವೆಲ್ಲನ ಲೆಕ್ಕವೆಲ್ಲ ಸರಿಹೋಗುತ್ತದೆ! ಆದರೆ ಕಡ್ಡಿ ಕಳಚಿಬಿದ್ದು ಎಂಜಿನ್ ಹುಚ್ಚೆದ್ದರೆ ಹುಡುಕುತ್ತ ನಿಲ್ಲಬೇಡಿ. ಮೊದಲು ಕಿಡಿಯ ಸ್ವಿಚ್ಚು ಆರಿಸಿ.

ಎಣ್ಣೆ ಗೇಜಿನ ಕಥೆಯೂ ಸೊಗಸಾಗಿದೆ. ಫ್ರಾನ್ಸಿನ ಬೂರ್ಡಾನ್ ೧೮೪೯ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ನೋಡಿದ್ದೀರಿ. ಊದಿದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಗೇಜಿನೊಳಗೆ ಇರುವುದು ಹಾಗೆಯೇ ಬಾಗಿದ ಚಪ್ಪಟೆ ಲೋಹದ ಕೊಳವೆ. ಎಣ್ಣೆಯ ಒತ್ತಡ ಹೆಚ್ಚಿದಷ್ಟೂ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಇದು ತೋರಿಸುವುದು ಒತ್ತಡವನ್ನು. ಎಣ್ಣೆ ಎಷ್ಟಿದೆ ಎಂಬುದನ್ನಲ್ಲ. ಮುಳ್ಳು ಚೆನ್ನಾಗಿದೆ ಎಂದು ಅಳತೆಕಡ್ಡಿ ನೋಡದೆ ಹೋದವರು ಕೆಟ್ಟಿದ್ದಾರೆ.

ಬೆಳಗ್ಗೆ ಚಾಲೂ ಮಾಡಿದಾಗ ಮುಳ್ಳು ಮೇಲಿರುವುದು, ಮಧ್ಯಾಹ್ನ ಎಂಜಿನ್ ಕಾದು ನಿಧಾನ ಓಡುವಾಗ ಕೆಳಗಿಳಿಯುವುದು ಸ್ವಾಭಾವಿಕ. ಕಾದ ಎಣ್ಣೆ ತೆಳುವಾಗುತ್ತದೆ. ರೇಸ್ ಕೊಟ್ಟಾಗ ಏರಬೇಕು. ಏರದಿದ್ದರೆ ಕೂಡಲೇ ನಿಲ್ಲಿಸಿ. ನಿಂತ ಎಂಜಿನ್ನಿನಲ್ಲಿ ಮುಳ್ಳು ಸೊನ್ನೆಗೆ ಬಾರದಿದ್ದರೆ ಗೇಜೇ ಕೆಟ್ಟಿದೆ. ಅನುಮಾನ ಬಂದರೆ ಸರಿಯಿರುವ ಇನ್ನೊಂದು ಗೇಜನ್ನು ಅದೇ ಕೊಳವೆಗೆ ಕೂಡಿಸಿ ನೋಡಿ. ಅದೂ ಕಡಮೆ ತೋರಿಸಿದರೆ ಎಣ್ಣೆಯ ಮಟ್ಟ, ಆಮೇಲೆ ಜರಡಿ, ಆಮೇಲೆ ಒತ್ತಡ ಬಿಡುವ ಕವಾಟದ ಕೆಳಗೆ ಸಿಕ್ಕಿಕೊಂಡ ಕಸ. ಬೇರಿಂಗು ಸವೆದಿದೆ ಎಂಬ ತೀರ್ಮಾನ ಎಲ್ಲಕ್ಕೂ ಕೊನೆಗೆ. ಮೇಸ್ತ್ರಿಗಳು ಕೆಲವರು ಇದನ್ನೇ ಮೊದಲು ಹೇಳುತ್ತಾರೆ, ಅದು ಬೇರೆ ಮಾತು.

ಇಲ್ಲಿ ಸೀಮೆಎಣ್ಣೆಯ ಒಂದು ಗುಟ್ಟಿದೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಯ ಜಾತಿಯ ಅಗ್ಗದ ಇಂಧನಕ್ಕೆ ತಿರುಗಿಸುವ ಟ್ರ್ಯಾಕ್ಟರುಗಳು ಆ ಕಾಲದಲ್ಲಿ ಬಹಳ. ಫರ್ಗ್ಯುಸನ್ನಿನಲ್ಲೂ ೧೯೪೯ರಿಂದ ಆ ಮಾದರಿ ಬಂತು. ಎಂಜಿನ್ ತಣ್ಣಗಿದ್ದರೆ ಈ ಇಂಧನ ಆವಿಯಾಗದೆ ಪಿಸ್ಟನ್ ಬದಿಯಿಂದ ಸೋರಿ ಕೆಳಗಿನ ಎಣ್ಣೆಗೆ ಬೆರೆಯುತ್ತದೆ. ಮಜ್ಜಿಗೆಗೆ ನೀರು ಹೊಯ್ದ ಹಾಗೆ ಎಣ್ಣೆ ತೆಳ್ಳಗಾಗುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆ ಹೆಚ್ಚಾದಂತೆ ಕಾಣುತ್ತದೆ, ಗೇಜಿನಲ್ಲಿ ಒತ್ತಡ ಇಳಿಯುತ್ತದೆ. ಮಾಲೀಕ 'ಎಣ್ಣೆ ತುಂಬ ಇದೆ, ಗೇಜು ಸುಳ್ಳು' ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಬೇರಿಂಗು ತಿಂದುಹೋಗುತ್ತದೆ. ಕಡ್ಡಿಯನ್ನು ಮೂಗಿಗೆ ಹಿಡಿದರೆ ವಾಸನೆಯೇ ಹೇಳುತ್ತಿತ್ತು. ಈ ಟ್ರ್ಯಾಕ್ಟರುಗಳಿಗೆ ಶಾಖದ ಗೇಜು, ರೇಡಿಯೇಟರಿಗೆ ಪರದೆ ಕೊಟ್ಟಿದ್ದು ಎಂಜಿನ್ ಕುದಿಯದಿರಲಿ ಎಂದಷ್ಟೇ ಅಲ್ಲ, ಸಾಕಷ್ಟು ಕಾದಿರಲಿ ಎಂದೂ ಹೌದು. ಸೆಂಟಿಗ್ರೇಡಿನಲ್ಲಿ ೮೦ರ ಆಸುಪಾಸಿಗೆ ಬರುವ ತನಕ ಪೆಟ್ರೋಲಿನಲ್ಲೇ ಓಡಿಸಬೇಕು.

ಶಾಖದ ಗೇಜೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಅದರ ಬುಡ್ಡಿ ನೀರಿನಲ್ಲಿ ಮುಳುಗಿದ್ದರೆ ತಾನೇ ನೀರಿನ ಶಾಖ ಗೊತ್ತಾಗುವುದು? ರೇಡಿಯೇಟರು ಸೋರಿ ನೀರಿಳಿದರೆ ಬುಡ್ಡಿ ಗಾಳಿಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಕೂತಿರುತ್ತದೆ. ಏರಿದ್ದ ಮುಳ್ಳು ದುಡಿಮೆಯ ನಡುವೆ ಇದ್ದಕ್ಕಿದ್ದಂತೆ ಇಳಿದರೆ ಸಂತೋಷಪಡಬೇಡಿ. ನಿಲ್ಲಿಸಿ, ಆರಲು ಬಿಟ್ಟು, ಆಮೇಲೆ ಮುಚ್ಚಳ ತೆಗೆಯಿರಿ.

ಆಮೀಟರಿನದು ಇನ್ನೊಂದು ಬಗೆ. ಫರ್ಗ್ಯುಸನ್, ಫೋರ್ಡ್ ೮ ಎನ್ ಮುಂತಾದ ಆ ಕಾಲದ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಗಾಡಿಯ ಮೈಗೆ ಕಟ್ಟುತ್ತಿದ್ದರು. ಈಗಿನ ಪದ್ಧತಿ ಅದಕ್ಕೆ ವಿರುದ್ಧ. ಈಗಿನ ರೂಢಿಯಂತೆ ಯಾರಾದರೂ ಬ್ಯಾಟರಿ ತಿರುಗಿಸಿ ಕೂಡಿಸಿದರೆ ಮುಳ್ಳು ಉಲ್ಟಾ ಓದುತ್ತದೆ: ಬ್ಯಾಟರಿ ಖಾಲಿಯಾಗುತ್ತಿದ್ದರೆ 'ತುಂಬುತ್ತಿದೆ' ಎನ್ನುತ್ತದೆ. ಎಂಜಿನ್ ನಿಲ್ಲಿಸಿ ದೀಪ ಹಾಕಿ ನೋಡಿ. ಆಗ ಮುಳ್ಳು ಖಾಲಿಯ ಕಡೆಗೇ ವಾಲಬೇಕು.

ವೇಗ ತೋರಿಸುವ ಗೇಜು ಕಡೆಗೆ ಬಂದದ್ದು. ೧೯೫೦ರಲ್ಲಿ ಫೋರ್ಡ್ ೮ ಎನ್ ಟ್ರ್ಯಾಕ್ಟರಿಗೆ ಪ್ರೂಫ್ ಮೀಟರ್ ಎಂಬುದನ್ನು ಹಾಕಿದರು. ಎಂಜಿನ್ನಿನ ಸುತ್ತು, ಪಿ.ಟಿ.ಓ. ವೇಗ, ದುಡಿದ ಗಂಟೆ ಎಲ್ಲವೂ ಒಂದೇ ಮುಖದಲ್ಲಿ. ಪಿ.ಟಿ.ಓ. ನಿಮಿಷಕ್ಕೆ ಸುಮಾರು ೫೪೦ ಸುತ್ತು ತಿರುಗಬೇಕಾದರೆ ಎಂಜಿನ್ ೧೫೦೦ರ ಸಮೀಪ ಇರಬೇಕು. ಕಿವಿಯ ಅಂದಾಜಿನಲ್ಲಿ ಥ್ರಾಟಲ್ ಇಟ್ಟು ಒಕ್ಕಣೆ ಯಂತ್ರ ಓಡಿಸಿದರೆ ಕಾಳು ಒಡೆಯುತ್ತದೆ, ಇಲ್ಲವೇ ತೆನೆಯಲ್ಲೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ೧೯೪೯ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ತಂದು, ಕಾಂಸ್ ಹುಲ್ಲು ಹಬ್ಬಿ ಪಾಳು ಬಿದ್ದ ನೆಲ ಉಳಲು ಹೊರದೇಶದ ದೊಡ್ಡ ಟ್ರ್ಯಾಕ್ಟರುಗಳನ್ನು ತರಿಸಿದ್ದರು. ೧೯೫೯ರಲ್ಲಿ ಐಷರ್, ೧೯೬೦ರಲ್ಲಿ ಮದರಾಸಿನ ಟಾಫೆ ಆರಂಭವಾದವು. ನಮ್ಮ ಬೆಂಗಳೂರಿನ ಎಚ್.ಎಂ.ಟಿ.ಯವರು ೧೯೭೧ರಿಂದ ಹರಿಯಾಣದ ಪಿಂಜೋರಿನಲ್ಲಿ ಝೆಟರ್ ಮಾದರಿಯ ಟ್ರ್ಯಾಕ್ಟರು ಮಾಡಿದರು. ೨೦೧೬ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಇವೆಲ್ಲ ಡೀಸೆಲ್ಲಿನವು. ಇವುಗಳಲ್ಲಿ ಗವರ್ನರು ಗಾಳಿಯನ್ನಲ್ಲ, ಪಂಪಿನಿಂದ ಹೋಗುವ ಡೀಸೆಲ್ಲನ್ನು ಹೆಚ್ಚು ಕಡಮೆ ಮಾಡುತ್ತದೆ. ಕೀಲಿಗೆ ಎಣ್ಣೆ ಬಿಡುವುದು, ಕಡ್ಡಿ ನೋಡುವುದು ನಿಮ್ಮ ಕೆಲಸ. ಪಂಪಿನ ಮೇಲೆ ಸೀಸದ ಮುದ್ರೆ ಹಾಕಿದ ತಿರುಪು ಮಾತ್ರ ಬೇಡ.

ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೋದಾಗ 'ನೋಡಿ ಸ್ವಾಮಿ, ಗಂಟೆ ಎಷ್ಟು ಕಡಮೆ ಓಡಿದೆ' ಎಂದು ಮೀಟರು ತೋರಿಸುತ್ತಾರೆ. ಆ ಕಾಲದ ತಂತಿ ಮೀಟರಿನಲ್ಲಿ ಎಂಜಿನ್ ಗೊತ್ತುಪಡಿಸಿದ ವೇಗದಲ್ಲಿ ಓಡಿದರೆ ಮಾತ್ರ ಒಂದು ಗಂಟೆಗೆ ಒಂದು ಗಂಟೆ; ನಿಧಾನ ಓಡಿದರೆ ಗಂಟೆಯೂ ನಿಧಾನ. ತಂತಿ ತುಂಡಾದರೆ ನಿಂತೇಹೋಗುತ್ತದೆ. ಆದ್ದರಿಂದ ಗಂಟೆ ನೋಡಬೇಡಿ. ಅರ್ಧ ಗಂಟೆ ನೇಗಿಲು ಕಟ್ಟಿ ಉಳಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಥ್ರಾಟಲ್ ಇಳಿಸಿ, ಎಣ್ಣೆ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ, ಆಮೇಲೆ ಬೆಲೆಯ ಮಾತು ತೆಗೆಯಿರಿ.