ಚಳಿಗಾಲದ ಯುವ ಒಲಿಂಪಿಕ್ ಕ್ರೀಡಾಕೂಟದಲ್ಲಿ ಕ್ರಾಸ್-ಕಂಟ್ರಿ ಸ್ಕೀಯಿಂಗ್

ಕ್ರಾಸ್-ಕಂಟ್ರಿ ಸ್ಕೀಯಿಂಗ್ 2012ರ ಪ್ರಥಮ ಚಳಿಗಾಲದ ಯುವ ಒಲಿಂಪಿಕ್ ಕ್ರೀಡಾಕೂಟದಿಂದಲೂ ನಡೆದುಬಂದಿರುವ ಒಂದು ಸ್ಪರ್ಧಾ ವಿಭಾಗ. ಹಿಮ ಮುಚ್ಚಿದ ಏರು, ಇಳಿಜಾರು ಹಾಗೂ ಸಮತಟ್ಟಾದ ಹಾದಿಯಲ್ಲಿ, ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀಗಳು ಮತ್ತು ಕೈಗೋಲುಗಳ ನೆರವಿನಿಂದ ಸ್ವಂತ ದೇಹಬಲದಲ್ಲೇ ಸಾಗುವ ಓಟವಿದು. ಯುವ ಒಲಿಂಪಿಕ್ಸ್‌ನ ಕ್ರೀಡಾಪಟುಗಳು 15ರಿಂದ 18 ವರ್ಷ ವಯಸ್ಸಿನವರು. ಪ್ರತಿವರ್ಷ ನಡೆಯುವ ಕಿರಿಯರ ವಿಶ್ವ ಚಾಂಪಿಯನ್‌ಶಿಪ್ ಇದರಿಂದ ಭಿನ್ನವಾದ ಸ್ಪರ್ಧೆಯಾಗಿದೆ.

ಶೈಲಿಗಳು ಮತ್ತು ಸ್ಪರ್ಧೆಯ ಬಗೆ

ಈ ಕ್ರೀಡೆಯಲ್ಲಿ ಎರಡು ಶೈಲಿಗಳಿವೆ. ಸಾಂಪ್ರದಾಯಿಕ ಶೈಲಿಯಲ್ಲಿ ಹಿಮದಲ್ಲಿ ಕೊರೆದ ಜೋಡಿ ಗೆರೆಗಳೊಳಗೆ ಸ್ಕೀಗಳನ್ನು ಸಮಾನಾಂತರವಾಗಿ ಜಾರಿಸಬೇಕು. ಏರುಹಾದಿಯಲ್ಲಿ ಹಿಂದಕ್ಕೆ ಜಾರದಿರಲು ಸ್ಕೀಯ ನಡುಭಾಗಕ್ಕೆ ಮೇಣ ಬಳಿಯುತ್ತಾರೆ. ಹಿಮದ ಉಷ್ಣತೆಗೆ ಹೊಂದದ ಮೇಣವನ್ನು ಆರಿಸಿದರೆ ಎಷ್ಟೇ ಸಮರ್ಥ ಪಟುವೂ ಹಿಂದೆ ಬೀಳುತ್ತಾನೆ. ಮುಕ್ತ ಶೈಲಿಯಲ್ಲಿ ಸ್ಕೇಟಿಂಗ್‌ನಂತೆ ಕಾಲುಗಳನ್ನು ಓರೆಯಾಗಿ ತಳ್ಳಲಾಗುತ್ತದೆ, ಹೀಗಾಗಿ ಇದರ ವೇಗ ಹೆಚ್ಚು. ಸ್ಪ್ರಿಂಟ್ ಸ್ಪರ್ಧೆಯಲ್ಲಿ ಮೊದಲು ಒಬ್ಬೊಬ್ಬರಾಗಿ ಓಡಿ ಅರ್ಹತೆ ಗಳಿಸಿದ ಬಳಿಕ ಆರಾರು ಮಂದಿಯ ಗುಂಪುಗಳಲ್ಲಿ ಸುತ್ತುಗಳು ನಡೆಯುತ್ತವೆ.

ಕ್ರೀಡಾಕೂಟಗಳು

ಮೊದಲ ಕೂಟದ ಆತಿಥ್ಯವನ್ನು ಆಸ್ಟ್ರಿಯಾದ ಇನ್ಸ್‌ಬ್ರುಕ್ ವಹಿಸಿತು. ಸ್ಕೀ ಓಟಗಳು ನಡೆದದ್ದು 1964 ಮತ್ತು 1976ರ ಒಲಿಂಪಿಕ್ಸ್‌ನ ಓಟಗಳನ್ನೂ ಕಂಡಿದ್ದ ಸೀಫೆಲ್ಡ್‌ನಲ್ಲಿ. ಕ್ರಾಸ್-ಕಂಟ್ರಿ ಹಾಗೂ ಬಯಾತ್ಲಾನ್ ಪಟುಗಳು ಒಂದೇ ತಂಡವಾಗಿ ಓಡಿದ ಮಿಶ್ರ ರಿಲೇ ಅಲ್ಲಿನ ವಿಶೇಷ.

2016ರಲ್ಲಿ ನಾರ್ವೆಯ ಲಿಲ್ಲೆಹಾಮರ್‌ನ ಬಿರ್ಕೆಬೈನೆರೆನ್ ಕ್ರೀಡಾಂಗಣದಲ್ಲಿ 'ಕ್ರಾಸ್-ಕಂಟ್ರಿ ಕ್ರಾಸ್' ಎಂಬ ಹೊಸ ಸ್ಪರ್ಧೆ ಸೇರ್ಪಡೆಗೊಂಡಿತು. ದಿಬ್ಬಗಳು, ಜಿಗಿತಗಳು, ಕಡಿದಾದ ತಿರುವುಗಳಿಂದ ಕೂಡಿದ ಈ ಹಾದಿ ದಮ್ಮಿನಷ್ಟೇ ಚುರುಕುತನವನ್ನೂ ಬೇಡುತ್ತದೆ. ಈ ಸ್ಪರ್ಧೆಯ ಬಾಲಕರ ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಮ್ಯಾಗ್ನಸ್ ಕಿಮ್. ನಾರ್ವೆಯ ತಂದೆ ಮತ್ತು ಕೊರಿಯಾದ ತಾಯಿಯ ಮಗನಾದ ಈತ 10 ಕಿ.ಮೀ. ಓಟದಲ್ಲೂ ಚಿನ್ನ, ಸ್ಪ್ರಿಂಟ್‌ನಲ್ಲಿ ಬೆಳ್ಳಿ ಪಡೆದನು. ನಾರ್ಡಿಕ್ ದೇಶಗಳ ಪ್ರಾಬಲ್ಯವಿರುವ ಕ್ರೀಡೆಯಲ್ಲಿ, ಅದೂ ನಾರ್ವೆಯ ನೆಲದಲ್ಲೇ, ಏಷ್ಯಾದ ದೇಶವೊಂದಕ್ಕೆ ಇಂತಹ ಫಲ ದೊರೆತದ್ದು ಗಮನಾರ್ಹ. ಕಿಮ್ ಮುಂದೆ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲೂ ದಕ್ಷಿಣ ಕೊರಿಯಾವನ್ನು ಪ್ರತಿನಿಧಿಸಿದನು.

ಲೌಸಾನ್ 2020ರ ಓಟಗಳು ಸ್ವಿಟ್ಜರ್‌ಲೆಂಡಿನ ಜೂರಾ ಪರ್ವತಶ್ರೇಣಿಯ ವಾಲೆ ದ ಜೂ ಕಣಿವೆಯಲ್ಲಿ ಜರುಗಿದವು. 2024ರ ಕೂಟ ದಕ್ಷಿಣ ಕೊರಿಯಾದ ಗ್ಯಾಂಗ್‌ವಾನ್ ಪ್ರಾಂತ್ಯದಲ್ಲಿ ನಡೆಯಿತು.

ದೂರದಲ್ಲಿನ ಅಸಮಾನತೆ

ಮೊದಲ ಮೂರು ಕೂಟಗಳಲ್ಲಿ ಬಾಲಕರು 10 ಕಿ.ಮೀ. ಓಡಿದರೆ ಬಾಲಕಿಯರಿಗೆ ಅದರ ಅರ್ಧದಷ್ಟು, ಅಂದರೆ 5 ಕಿ.ಮೀ. ಮಾತ್ರ ನಿಗದಿಯಾಗಿತ್ತು. ಹಿರಿಯರ ಸ್ಪರ್ಧೆಗಳಲ್ಲೂ ಇಂತಹ ಅಂತರವಿತ್ತು: ಒಲಿಂಪಿಕ್ಸ್‌ನ ಅತಿ ದೀರ್ಘ ಓಟ ಪುರುಷರಿಗೆ 50 ಕಿ.ಮೀ., ಮಹಿಳೆಯರಿಗೆ 30 ಕಿ.ಮೀ. ಆಗಿತ್ತು. ಮಹಿಳೆಯರು ದೀರ್ಘ ದೂರವನ್ನು ತಾಳಲಾರರೆಂಬ ಹಳೆಯ ನಂಬಿಕೆಗೆ ಅವರ ಓಟಗಳಿಂದ ಆಧಾರ ದೊರೆತಿರಲಿಲ್ಲವಾದರೂ ವ್ಯತ್ಯಾಸ ಬಹುಕಾಲ ಉಳಿಯಿತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 2022-23ರ ಋತುವಿನಿಂದ ವಿಶ್ವಕಪ್‌ನಲ್ಲಿ ಸಮಾನ ದೂರವನ್ನು ಜಾರಿಗೆ ತಂದಿತು. ಅದನ್ನನುಸರಿಸಿ ಗ್ಯಾಂಗ್‌ವಾನ್‌ನಲ್ಲಿ ಬಾಲಕ ಬಾಲಕಿಯರಿಬ್ಬರಿಗೂ 7.5 ಕಿ.ಮೀ. ಸಾಂಪ್ರದಾಯಿಕ ಓಟವನ್ನು ಇಡಲಾಯಿತು. ಕ್ರಾಸ್-ಕಂಟ್ರಿ ಕ್ರಾಸ್ ಅನ್ನು ಕೈಬಿಟ್ಟು, ಇಬ್ಬರು ಬಾಲಕರು ಮತ್ತು ಇಬ್ಬರು ಬಾಲಕಿಯರು ತಲಾ 5 ಕಿ.ಮೀ. ಓಡುವ ಮಿಶ್ರ ರಿಲೇಯನ್ನು ಸೇರಿಸಲಾಯಿತು. ಹಿರಿಯರ ಒಲಿಂಪಿಕ್ಸ್‌ನಲ್ಲಿ ಸಮಾನ ದೂರ ಬಂದದ್ದು ಇದಾದ ಎರಡು ವರ್ಷಗಳ ಬಳಿಕ, 2026ರ ಮಿಲಾನೊ ಕೊರ್ಟಿನಾ ಕೂಟದಲ್ಲಿ.