ಊರ ಕೆರೆ, ಊರ ಸಭೆ, ಊರ ಲೆಕ್ಕ

ಭರತಖಂಡದ ಗ್ರಾಮಗಳು ಒಂದೊಂದೂ ಪುಟ್ಟ ಗಣರಾಜ್ಯವೆಂದೂ, ರಾಜವಂಶಗಳು ಒಂದರ ಮೇಲೊಂದು ಉರುಳಿದರೂ ಅವು ಮಾತ್ರ ಅಲುಗದೆ ನಿಂತುವೆಂದೂ 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಆಂಗ್ಲ ಅಧಿಕಾರಿಯು ಬರೆದನು. ಅಂದಿನಿಂದ ಈ ಮಾತು ನಮ್ಮ ಉಪನ್ಯಾಸಕಾರರಿಗೆ ಮಂಗಳಶ್ಲೋಕದಂತಾಗಿದೆ. ಇದಕ್ಕೆ ತೀರ ಎದುರಾದ ಮಾತನ್ನು 1948ನೆಯ ನವೆಂಬರ್ 4ರಂದು ರಾಜ್ಯಾಂಗ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರರು ಆಡಿದರು. ಹಳ್ಳಿಯೆಂಬುದು ಅಜ್ಞಾನಕ್ಕೂ ಸಂಕುಚಿತ ಬುದ್ಧಿಗೂ ಮತೀಯ ದ್ವೇಷಕ್ಕೂ ನೆಲೆಯಾದುದೆಂಬುದು ಅವರ ಅಭಿಪ್ರಾಯವಾಗಿತ್ತು. ಇವೆರಡರಲ್ಲಿ ಯಾವುದು ನಿಜವೆಂದು ವಾದಿಸುವುದಕ್ಕಿಂತ, ಊರವರು ಹಿಂದೆ ಒಟ್ಟುಗೂಡಿ ಯಾವ ಕಾರ್ಯವನ್ನು ಹೇಗೆ ನಡೆಸಿದರೆಂಬುದನ್ನು ಶೋಧಿಸಿ ನೋಡುವುದು ಲೇಸು. ಅಂತಹ ಶೋಧನೆಗೆ ಕೆರೆಗಿಂತ ತಕ್ಕ ವಸ್ತು ಬೇರೊಂದಿಲ್ಲ. ಬಾವಿಯನ್ನು ಒಬ್ಬನೇ ತೋಡಿಸಬಲ್ಲನು. ಕೆರೆಯನ್ನು ಒಬ್ಬನೇ ಕಟ್ಟಿಸಿದರೂ ಒಬ್ಬನೇ ಉಳಿಸಿಕೊಳ್ಳಲಾರನು.

ಕೆರೆಯ ಧರ್ಮವೇ ಅಂತಹುದು. ಮಳೆಗಾಲಕ್ಕೆ ಮೊದಲು ಏರಿಯ ಬಿರುಕುಗಳನ್ನು ಮುಚ್ಚಬೇಕು, ಬೇರುಬಿಟ್ಟ ಗಿಡಗಳನ್ನು ಕಿತ್ತೆಸೆಯಬೇಕು, ತೂಬನ್ನು ಪರೀಕ್ಷಿಸಬೇಕು, ಕೋಡಿಯು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು, ವರ್ಷವರ್ಷವೂ ಬಂದು ಸೇರುವ ಹೂಳನ್ನು ತೆಗೆದು ಗದ್ದೆಗೆ ಹೊರಬೇಕು. ಇಂದಿನ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವೊಂದಿದೆ. ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವೆಂದು ಅದರಲ್ಲಿ ಹೇಳಿದೆ. ಒಳ್ಳೆಯ ಕೆರೆಗಿರಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಎಣಿಸಿದೆ. ರಾಜಕುಮಾರನು ಕಟ್ಟಿಸಿ ಹೋದನು. ಮೂರನೆಯ ವರ್ಷದಿಂದ ಮಣ್ಣು ಹೊರತಕ್ಕವರು ಯಾರು? ಗ್ರಾಮಸಂಘದ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಕಾಣದೆ ಹೋಗಲಿಲ್ಲ. ಊರವರು ಕೂಡಿ ಸೇತುಬಂಧವನ್ನು ಕಟ್ಟುವಾಗ ಅದರಿಂದ ನುಣುಚಿಕೊಂಡವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಿಕೊಡಬೇಕು. ವೆಚ್ಚದಲ್ಲಿ ಅವನಿಗೆ ಪಾಲುಂಟು, ಫಲದಲ್ಲಿ ಪಾಲಿಲ್ಲವೆಂದು ಕೌಟಿಲ್ಯನು ವಿಧಿಸುತ್ತಾನೆ. ಪಾಳುಬಿದ್ದ ಕೆರೆಯನ್ನು ಮತ್ತೆ ಕಟ್ಟಿದವರಿಗೆ ನಾಲ್ಕು ವರ್ಷದ ತೆರಿಗೆಯನ್ನು ಬಿಟ್ಟುಕೊಡಬೇಕೆಂದೂ ಆತನೇ ಹೇಳಿದ್ದಾನೆ. ಕಣ್ಮರೆಯಾಗಿದ್ದ ಈ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಓಲೆಗಳಿಂದ ಎತ್ತಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಾಶಾಸ್ತ್ರಿಗಳೆಂಬುದು ವಾಚಕರಿಗೆ ವಿದಿತವೇ ಆಗಿದೆ. ಯಾಜ್ಞವಲ್ಕ್ಯಸ್ಮೃತಿಯಾದರೋ ಸಂಘದ ಹಣದ ವಿಷಯದಲ್ಲಿ ಇನ್ನೂ ಕಠಿನವಾಗಿದೆ. ಸಮುದಾಯದ ದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ಅವನನ್ನು ನಾಡಿನಿಂದ ಹೊರಗೆ ಹಾಕತಕ್ಕದ್ದು. ಸಮುದಾಯದ ಕಾರ್ಯಕ್ಕಾಗಿ ಹೋದವನು ತನಗೆ ದೊರೆತುದನ್ನು ತಾನಾಗಿ ತಂದೊಪ್ಪಿಸದಿದ್ದರೆ ಅವನಿಂದ ಹನ್ನೊಂದರಷ್ಟು ವಸೂಲು ಮಾಡತಕ್ಕದ್ದು. ಹತ್ತರಷ್ಟಲ್ಲ, ಹನ್ನೊಂದರಷ್ಟು! ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ.

ವಿಧಿಯಿದ್ದ ಮಾತ್ರಕ್ಕೆ ಆಚರಣೆಯಿತ್ತೆಂದು ನಂಬಲಾಗದು. ಆಚರಣೆಗೆ ಸಾಕ್ಷಿಯಾಗಿ ನಿಂತಿರುವುದು ತಮಿಳುನಾಡಿನ ಕಾಂಚೀಪುರದ ಬಳಿಯ ಉತ್ತರಮೇರೂರಿನ ದೇವಾಲಯದ ಗೋಡೆ. ಅಲ್ಲಿ ಚೋಳ ಮೊದಲನೆಯ ಪರಾಂತಕನ ಕಾಲದಲ್ಲಿ, 919ರಲ್ಲಿ ಒಮ್ಮೆಯೂ 921ರಲ್ಲಿ ಮತ್ತೊಮ್ಮೆಯೂ, ಗ್ರಾಮಸಭೆಯ ನಿಯಮಗಳನ್ನು ಕೆತ್ತಿಸಿದ್ದಾರೆ. ಊರನ್ನು ಮೂವತ್ತು ಕೇರಿಗಳಾಗಿ ಭಾಗಿಸಿ, ಅರ್ಹರ ಹೆಸರುಗಳನ್ನು ಓಲೆಯಲ್ಲಿ ಬರೆದು ಗಡಿಗೆಯಲ್ಲಿ ಹಾಕುತ್ತಿದ್ದರು. ಏನೂ ಅರಿಯದ ಹುಡುಗನೊಬ್ಬನು ಓಲೆಯನ್ನು ಎತ್ತುವನು. ಅದನ್ನು ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಬೆರಳ ಸಂದಿನಲ್ಲಿ ಇನ್ನೊಂದು ಓಲೆ ಅಡಗಿರಬಾರದಲ್ಲವೆ! ಹೀಗೆ ಆರಿಸಿದವರಲ್ಲಿ ಹನ್ನೆರಡು ಮಂದಿ ಸಂವತ್ಸರ ವಾರಿಯಕ್ಕೆ, ಹನ್ನೆರಡು ಮಂದಿ ತೋಟದ ವಾರಿಯಕ್ಕೆ, ಆರು ಮಂದಿ ಏರಿಯ ವಾರಿಯಕ್ಕೆ ಸೇರುತ್ತಿದ್ದರು. ಏರಿಯ ವಾರಿಯವೆಂದರೆ ಕೆರೆಯ ಸಮಿತಿ. ಅಧಿಕಾರದ ಅವಧಿ ಮುನ್ನೂರರುವತ್ತು ದಿನ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನ ಹೆಸರು ಗಡಿಗೆಗೆ ಬೀಳಕೂಡದು. ಅವನ ಬಂಧುಗಳ ಹೆಸರೂ ಬೀಳಕೂಡದು. ನನ್ನ ದೃಷ್ಟಿಯಲ್ಲಿ ಆ ಶಾಸನದ ಸಾರವಿರುವುದು ಗಡಿಗೆಯ ಕೌತುಕದಲ್ಲಲ್ಲ, ಈ ಒಂದು ನಿಷೇಧದಲ್ಲಿ.

ಕನ್ನಡ ನಾಡಿನ ಶಾಸನಗಳಲ್ಲಿ ಆಯ್ಕೆಯ ಕ್ರಮಕ್ಕಿಂತ ಆದಾಯದ ಕ್ರಮವೇ ಹೆಚ್ಚಾಗಿ ಕಾಣಿಸುತ್ತದೆ. ಅಗ್ರಹಾರಗಳಲ್ಲಿ ಮಹಾಜನರು, ಇತರ ಊರುಗಳಲ್ಲಿ ಗಾವುಂಡರೂ ಒಕ್ಕಲುಗಳೂ ಸಾಕ್ಷಿಗಳಾಗಿ ನಿಂತು, ದಾನವನ್ನು ರಕ್ಷಿಸುವ ಹೊಣೆಯನ್ನು ಹೊರುತ್ತಿದ್ದರು. ಕೆರೆಗೆಂದೇ ಮೀಸಲಾದ ಭೂಮಿ ಬಿತ್ತುವಟ್ಟ. ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಸಲ್ಲುವುದು ದಶವಂದ, ಕೊಡಗೆ. ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಆಳಿಗೂ ಭೂಮಿಯನ್ನು ಬಿಟ್ಟಿರುವ ಶಾಸನಗಳುಂಟು. ಬೊಕ್ಕಸದಿಂದ ಹಣ ಬರುವವರೆಗೆ ಕಾಯುವ ಅಗತ್ಯವಿರಲಿಲ್ಲ. ಕೆರೆಯ ನೀರಿನಿಂದ ಬೆಳೆದ ಭತ್ತವೇ ಕೆರೆಯ ಏರಿಗೆ ಮಣ್ಣನ್ನು ಹೊರಿಸುತ್ತಿತ್ತು.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಮೆಟ್ಕಾಫನ ಪಕ್ಷವೇ ಗೆದ್ದಂತಾಗುತ್ತದೆ. ಆದರೆ ಉತ್ತರಮೇರೂರಿನ ಗಡಿಗೆಗೆ ಬೀಳಬೇಕಾದ ಹೆಸರಿಗೆ ಇದ್ದ ಅರ್ಹತೆಗಳನ್ನು ಓದಬೇಕು: ಕಾಲು ವೇಲಿಗಿಂತ ಹೆಚ್ಚು ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮೂವತ್ತೈದರ ಮೇಲೆ ಎಪ್ಪತ್ತರೊಳಗಿನ ವಯಸ್ಸು, ವೇದಾಧ್ಯಯನ. ಗೇಣಿಯವನೂ ಕೂಲಿಯವನೂ ಹೆಂಗಸರೂ ಆ ಗಡಿಗೆಯ ಹತ್ತಿರ ಸುಳಿಯುವಂತಿರಲಿಲ್ಲ. ವೇದವನ್ನು ಓದಿದ ನಾನು ಇದನ್ನು ಹೇಳುವುದರಲ್ಲಿ ಸಂಕೋಚವೇನೂ ಇಲ್ಲ; ಶಾಸನವೇ ಹೇಳುತ್ತಿದೆ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೂಬನ್ನು ಎತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಅವನಿಗೆ ಸಂಬಳವಿಲ್ಲ; ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯವೆಂದು ಆಯ ಸಲ್ಲುತ್ತಿತ್ತು. ಅನೇಕ ಊರುಗಳಲ್ಲಿ ಈ ವೃತ್ತಿ ಅಸ್ಪೃಶ್ಯರೆನಿಸಿಕೊಂಡವರದಾಗಿತ್ತು. ಊರಿನ ಗದ್ದೆಗಳಿಗೆಲ್ಲ ನೀರನ್ನು ಹಂಚುವವನು ಊರ ಬಾವಿಯಿಂದ ಒಂದು ಕೊಡ ನೀರು ಸೇದುವಂತಿರಲಿಲ್ಲ. 'ಕೆರೆಗೆ ಹಾರ'ದ ಕಥೆಯನ್ನು ಕೇಳದ ಕನ್ನಡಿಗರುಂಟೆ? ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬಾರದಾದಾಗ ಮನೆಯ ಹಿರಿಯರು ಆಲೋಚಿಸಿ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೆ ಗೊತ್ತುಮಾಡಿದರು. ಅವಳನ್ನು ಯಾರೂ ಕೇಳಲಿಲ್ಲ. ಅದು ಜನಪದದ ಕಥೆಯಾಗಿರಬಹುದು. ಆಲೋಚನೆಗೆ ಕುಳಿತವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರೆಂಬುದು ಮಾತ್ರ ಬರಿಯ ಕಥೆಯಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು ಹೋರಾಟವನ್ನು ನಡೆಸಿದ ಅಂಬೇಡ್ಕರರು 1948ರಲ್ಲಿ ಹಳ್ಳಿಯನ್ನು ಕುರಿತು ಮೃದುವಾಗಿ ನುಡಿಯಬೇಕಾಗಿತ್ತೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕೆರೆಗಳ ಪಾಲನೆ ಇಲಾಖೆಯ ಕೈಗೆ ಸೇರಿದಷ್ಟೂ ಊರವರ ಕೈ ಸಡಿಲವಾಯಿತು. ಇದನ್ನು ಸರಿಪಡಿಸಲು ಮೈಸೂರು ಸರ್ಕಾರವು 1911ರಲ್ಲಿ ಕೆರೆ ಪಂಚಾಯತಿಗಳ ಶಾಸನವನ್ನೂ 1926ರಲ್ಲಿ ಗ್ರಾಮ ಪಂಚಾಯತಿಗಳ ಶಾಸನವನ್ನೂ ಜಾರಿಗೆ ತಂದಿತು. ಸಂವಿಧಾನದ 40ನೆಯ ಅನುಚ್ಛೇದವು ಪಂಚಾಯತಿಗಳನ್ನು ಕಟ್ಟಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. ನಿರ್ದೇಶವು ಬಹುಕಾಲ ನಿರ್ದೇಶವಾಗಿಯೇ ಉಳಿಯಿತು. ಕರ್ನಾಟಕದ 1983ರ ಶಾಸನದಂತೆ 1987ರಲ್ಲಿ ಚುನಾವಣೆ ನಡೆದು, ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಮೀಸಲಾದುವು. ಆ ವ್ಯವಸ್ಥೆಯ ಹಿಂದೆ ನಿಂತಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗರು ನೀರ್ ಸಾಬ್ ಎಂದೇ ಕರೆದರು. ಹಳ್ಳಿಹಳ್ಳಿಗೂ ಕೊಳವೆಬಾವಿಯಿಂದ ಕುಡಿಯುವ ನೀರು ಕೊಟ್ಟುದಕ್ಕೆ ಸಂದ ಬಿರುದು ಅದು. 1993ರಲ್ಲಿ 73ನೆಯ ತಿದ್ದುಪಡಿಯು ಜಾರಿಗೆ ಬಂದು, ಸಣ್ಣ ನೀರಾವರಿಯೂ ಕುಡಿಯುವ ನೀರೂ ಸೇರಿದ ಇಪ್ಪತ್ತೊಂಬತ್ತು ವಿಷಯಗಳು ಪಂಚಾಯತಿಗಳಿಗೆ ವಹಿಸತಕ್ಕವೆಂದು ಹೇಳಲ್ಪಟ್ಟುವು. 2010ರಲ್ಲಿ ಕರ್ನಾಟಕವು ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿತು. ಸಭೆಯಲ್ಲಿ ಯಾರು ಕೂರಬೇಕೆಂಬ ಪ್ರಶ್ನೆಗೆ ಹಿಂದಿನ ಸಾವಿರ ವರ್ಷಗಳಲ್ಲಿ ದೊರೆಯದ ಉತ್ತರವು ಈ ಕೆಲವು ದಶಕಗಳಲ್ಲಿ ದೊರೆತಿದೆ.

ಆದಾಯದ ಪ್ರಶ್ನೆಯಾದರೋ ಹಿಂದುಮುಂದಾಗಿದೆ. ಬಿತ್ತುವಟ್ಟವಿಲ್ಲ, ದಶವಂದವಿಲ್ಲ, ಪಂಚಾಯತಿಯ ಹಣದ ಬಹುಭಾಗವು ಮೇಲಿನಿಂದ, ಇಂತಹ ಬಾಬಿಗೆ ಇಷ್ಟೆಂದು ಗೊತ್ತಾಗಿಯೇ ಇಳಿದು ಬರುತ್ತದೆ. ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ಎಣಿಕೆ. ಅವುಗಳ ಪುನರುಜ್ಜೀವನಕ್ಕಾಗಿ 2000ದಲ್ಲಿ ಜಲಸಂವರ್ಧನ ಯೋಜನಾ ಸಂಘವು ಸ್ಥಾಪಿತವಾಗಿ, ವಿಶ್ವಬ್ಯಾಂಕಿನ ನೆರವಿನಿಂದ ಊರೂರಿಗೆ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಆದರೆ ಉಳ್ಳವನು ತನ್ನ ಹೊಲದಲ್ಲಿಯೇ ಕೊಳವೆಬಾವಿಯನ್ನು ಕೊರೆಯಿಸಿಕೊಂಡ ಮೇಲೆ ಅವನಿಗೆ ಏರಿಯ ಬಿರುಕಿನ ಚಿಂತೆಯೇಕೆ? ಕೌಟಿಲ್ಯನು ಹೇಳಿದ ನುಣುಚಿಕೊಂಡವನು ಇಂದು ಇವನೇ. ಆಳನ್ನೂ ಎತ್ತನ್ನೂ ಕಳುಹಿಸೆಂದು ಅವನಿಗೆ ಹೇಳುವ ಅಧಿಕಾರ ಮಾತ್ರ ಯಾವ ಸಂಘಕ್ಕೂ ಉಳಿದಂತಿಲ್ಲ.

ಇನ್ನು ಲೆಕ್ಕ. ಜಮಾಬಂದಿಯೆಂದರೆ ಹಿಂದೆ ಅಮಲ್ದಾರನು ವರ್ಷಕ್ಕೊಮ್ಮೆ ಕುಳಿತು, ರೈತನು ಸರ್ಕಾರಕ್ಕೆ ಎಷ್ಟು ತೆರಬೇಕೆಂದು ಗೊತ್ತುಪಡಿಸುತ್ತಿದ್ದ ಕ್ರಮ. ಇಂದು ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅದೇ ಹೆಸರಿನಿಂದ ವರ್ಷಕ್ಕೊಮ್ಮೆ, ಊರವರ ಮುಂದೆ ಪಂಚಾಯತಿಯ ಜಮಾಖರ್ಚನ್ನು ಓದಿ, ಕಾಮಗಾರಿಗಳನ್ನು ತೋರಿಸತಕ್ಕದ್ದೆಂದು ನಿಯಮವಿದೆ. ಲೆಕ್ಕ ಕೇಳುವವರು ಈಗ ರೈತರು. ಆ ದಿನ ಓಲೆ ಎತ್ತುವ ಹುಡುಗನೂ ಬೇಡ, ಗಡಿಗೆಯೂ ಬೇಡ. ಕೆರೆಯ ಹೂಳೆತ್ತಿದ ಬಾಬಿನ ಪುಟ ಬಂದಾಗ ನಿಧಾನವಾಗಿ ಓದಿರೆಂದು ಹೇಳಿ, ಓದಿದ ಮೇಲೆ ಎಲ್ಲರೂ ಎದ್ದು ಏರಿಯವರೆಗೆ ನಡೆದು ಹೋಗಿ ನೋಡಿ ಬರಬಹುದು.